ಒಂಬತ್ತನೆಯ ಮಹಡಿಗೆ ಹತ್ತು ತೆತ್ರಿ

ಗುರಾಮನ ಅಚ್ಚುಮನೆಯಿಂದ ಮುನ್ನೂರು ಪ್ರತಿ ಬಂದ ದಿನ
ಲಿಫ್ಟು ಮೂರು ಸಲ ನಾಣ್ಯ ನುಂಗಿ ನೀರು ಕುಡಿಯಿತು.
ತ್ಬಿಲಿಸಿಯ ಈ ಹಳೆಯ ವಠಾರಗಳಲ್ಲಿ ಹಾಗೆಯೇ:
ಹತ್ತು ತೆತ್ರಿ ಹಾಕಿದರೆ ಮೇಲಕ್ಕೆ,
ಇಳಿಯುವುದು ಬಿಟ್ಟಿ.
ನಾಲ್ಕು ರಟ್ಟಿನ ಡಬ್ಬಗಳ ನಡುವೆ ಒಂಟಿಕಾಲಲ್ಲಿ ನಿಂತು
ಕವಿಗಳಿಗೂ ಇದೇ ದರವಿರಬೇಕು ಅಂದುಕೊಂಡೆ.

ಪ್ರಕಾಶಕರು ಕಾಫಿ ಕೊಟ್ಟಿದ್ದರು, ಒಳ್ಳೆಯ ಕಾಫಿ.
"ಎತೇರಿ, ಈ ಕಾಲದಲ್ಲಿ ಕವಿತೆ ಯಾರು ಓದುತ್ತಾರೆ?"
ಅವರ ಬೆನ್ನ ಹಿಂದೆ ಗೋಡೆ ತುಂಬ ಸತ್ತ ಕವಿಗಳ ಪಟ,
ಒಂದಕ್ಕೂ ಧೂಳಿಲ್ಲ.
ಹಲ್ಲು ಕಟ್ಟಿಸಲೆಂದು ಎತ್ತಿಟ್ಟ ಹಣವನ್ನು
ಆ ಸಂಜೆಯೇ ಗುರಾಮನ ಮೇಜಿನ ಮೇಲೆ ಎಣಿಸಿದೆ.
ಕಡಲೆ ಬಂತು, ಹಲ್ಲು ಹೋಯಿತು.
ಓದಲು ನಿಂತರೆ ಇವತ್ತಿಗೂ ನನ್ನ ಸಕಾರ
ಸಿಳ್ಳೆ ಹಾಕುತ್ತದೆ.

ಮೊದಲ ತಿಂಗಳ ಲೆಕ್ಕ, ರಾತ್ರಿಪಾಳಿಯ ಔಷಧದಂಗಡಿಯಲ್ಲಿ
ಹಳೆಯ ಚೀಟಿಯೊಂದರ ಬೆನ್ನಿಗೆ ಬರೆದದ್ದು:
ಸೇತುವೆಯ ಸಂತೆಯಲ್ಲಿ ಎರಡು
(ಒಂದನ್ನು ಪಕ್ಕದ ಪದಕ ಮಾರುವ ಮುದುಕನೇ ಕೊಂಡ,
ಕಲ್ಲು ತಣ್ಣಗಿತ್ತು, ಕೂರಲು ಏನಾದರೂ ಬೇಕಿತ್ತು).
ತಂಗಿ ಒಯ್ದದ್ದು ಐದು, ದುಡ್ಡು ಆಮೇಲೆ.
ದಂತವೈದ್ಯ ಒಂದು. ಪೂರಾ ಬೆಲೆ ಕೊಟ್ಟ ಪುಣ್ಯಾತ್ಮ,
ಬಾಯಿ ತೆರೆಯಿರಿ ಅನ್ನಲಿಲ್ಲ.
ಉಳಿದವು ಮಂಚದ ಕೆಳಗೆ. ಮಲಗಿದರೆ
ಬೆನ್ನಿಗೆ ಒತ್ತುವುದಿಲ್ಲ, ಆದರೂ ಒತ್ತುತ್ತವೆ.

ಜನವರಿಯಲ್ಲಿ ಒಂದು ಕವಿತೆಯನ್ನು ಲಿಫ್ಟಿನೊಳಗೆ ಅಂಟಿಸಿದೆ,
ಗುಂಡಿಗಳ ಪಕ್ಕದಲ್ಲೇ. ಒಂಬತ್ತು ಸಾಲು,
ಮಹಡಿಗೊಂದು.
ಮರುದಿನ ನಾಣ್ಯದ ಪೆಟ್ಟಿಗೆ ಬಿಚ್ಚುವ ಜುಂಬೇರ್
ತಿರುಪುಳಿ ಹಿಡಿದು ಬಾಗಿಲಿಗೆ ಬಂದ:
"ಜಾಹೀರಾತಿಗೆ ತಿಂಗಳಿಗೆ ಐದು ಲಾರಿ."
"ಅದು ಜಾಹೀರಾತಲ್ಲ."
"ಮತ್ತೇನು?"
ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದೇನೆ,
ಉತ್ತರ ತೋಚಲಿಲ್ಲ. ಐದು ಲಾರಿ ಕೊಟ್ಟೆ.

ಫೆಬ್ರವರಿಯ ಒಂದು ಸಂಜೆ ಕರೆಂಟು ಹೋಗಿ
ಲಿಫ್ಟು ಆರಕ್ಕೂ ಏಳಕ್ಕೂ ನಡುವೆ ಸಿಕ್ಕಿಕೊಂಡಿತು,
ಒಳಗೆ ಎಂಟನೆಯ ಮಹಡಿಯ ಲಾಮಾರಾ,
ಕೈಯಲ್ಲಿ ಬಿಸಿ ಆರುತ್ತಿದ್ದ ಚೀಸ್ ರೊಟ್ಟಿ,
ಮೊಬೈಲಿನ ಬೆಳಕು, ನಲವತ್ತು ನಿಮಿಷ,
ಮತ್ತು ಓದಲು ಬೇರೇನೂ ಇಲ್ಲ.
ಬಿಡಿಸಿಕೊಂಡವಳು ಮನೆಗೆ ಹೋಗಲಿಲ್ಲ. ಒಂದು ಮಹಡಿ ಹೆಚ್ಚಾಗಿ ಹತ್ತಿ,
ಏದುಸಿರು ಬಿಡುತ್ತ ನನ್ನ ಕರೆಗಂಟೆ ಒತ್ತಿದಳು.
ಕೊಳ್ಳಲಿಕ್ಕಲ್ಲ.
"ಆರನೆಯ ಸಾಲು ತಪ್ಪು. ಮಾರ್ಚಿಯಲ್ಲಿ
ಯಾವ ದಾಳಿಂಬೆ ಹೂ ಬಿಡುತ್ತದೆ? ಅಪ್ಪನ ತೋಟವಿತ್ತು ನಮ್ಮದು.
ಹನ್ನೆರಡು ಸಲ ಓದಿದೆ. ಹನ್ನೆರಡು ಸಲವೂ
ಹೂವು ಮಾರ್ಚಿಯಲ್ಲೇ ಬಿಟ್ಟಿತು."

ಹನ್ನೆರಡು ಸಲ!
ನನ್ನ ತಾಯಿಯೂ ನನ್ನನ್ನು ಅಷ್ಟು ಸಲ ಓದಿಲ್ಲ.
ರೊಟ್ಟಿ ಹರಿದು ಅರ್ಧ ಕೊಟ್ಟಳು, ನಿಂತೇ ತಿಂದೆವು.

ಆ ರಾತ್ರಿ ಕೆಮ್ಮಿನ ಸಿರಪ್ಪುಗಳ ನಡುವೆ ಡಬ್ಬ ಬಿಚ್ಚಿ ಕೂತೆ.
ಮಾರ್ಚಿ ಹೊಡೆದು ಜೂನ್ ಎಂದು ಬರೆದರೆ
ಏಳನೆಯ ಸಾಲಿನ ಹಿಮ ನಿಲ್ಲುವುದಿಲ್ಲ,
ಹಿಮ ಹೋದರೆ ಎಂಟರಲ್ಲಿ ನದಿ ತುಂಬುವುದಿಲ್ಲ.
ಕೊನೆಯ ಸಾಲಿನ ಹೆಂಗಸು ಮಾತ್ರ ಉಳಿದಳು,
ಒಣಗಿದ ದಂಡೆಯಲ್ಲಿ, ದೋಣಿಗೆ ಕಾಯುತ್ತ.
ನಸುಕಿನಲ್ಲಿ ಗಿರಾಕಿಯೊಬ್ಬ ನೋವಿನ ಮಾತ್ರೆ ಕೇಳಿದ;
ಪೆನ್ನು ಕಿವಿಗೆ ಸಿಕ್ಕಿಸಿಯೇ ಕೊಟ್ಟೆ.
ಇನ್ನೂರ ತೊಂಬತ್ತೆರಡು ಪ್ರತಿ, ಹನ್ನೊಂದು ರಾತ್ರಿ,
ಒಂದೊಂದರಲ್ಲಿ ನದಿ ಒಂದೊಂದು ರೀತಿ ಒಣಗಿದೆ.

ಜುಂಬೇರ್ ಈಗ ಆರು ಲಾರಿ ಕೇಳುತ್ತಾನೆ.
"ಜನ ಓದ್ತಾರಲ್ಲ, ಜಾಗಕ್ಕೆ ಬೆಲೆ ಬಂದಿದೆ."
ಚೌಕಾಸಿ ಮಾಡುತ್ತೇನೆ, ಕೊಡುತ್ತೇನೆ.

ನಿನ್ನೆ ಲಾಮಾರಾಳ ಮಗ ಹೇಳಿದ,
ಹತ್ತಲು ಅವನ ಬಳಿ ಚಿಲ್ಲರೆ ಇರುವುದಿಲ್ಲವಂತೆ,
ಇಳಿಯುವಾಗ ಮಾತ್ರ ಓದುತ್ತಾನಂತೆ,
ಒಂಬತ್ತನೆಯ ಸಾಲಿನಿಂದ ಒಂದಕ್ಕೆ.
"ಹಾಗೇ ಚೆನ್ನಾಗಿದೆ, ಎತೇರಿ ಅತ್ತೆ."
ಮನೆಗೆ ಬಂದು ಓದಿ ನೋಡಿದೆ.
ಹೆಚ್ಚು ಕಡಿಮೆ ನಿಜ.
ನಾಲ್ಕನೆಯ ಸಾಲೊಂದು ಎಡವುತ್ತದೆ; ಅದನ್ನು
ಈ ವಾರ ನೋಡಬೇಕು.